14ರ ಹುಡುಗನನ್ನು 10 ಎಸೆತದಲ್ಲಿ ಅಳೆಯಬೇಡಿ

ಮಾನ್ಯ ಸಂಪಾದಕರೇ,

ಜಿಲ್ಲಾ ತಂಡದ್ದೋ ಕ್ರೀಡಾ ವಸತಿ ನಿಲಯದ್ದೋ ಆಯ್ಕೆ ಪಟ್ಟಿ ಹೊರಬಿದ್ದಾಗಲೆಲ್ಲ ಮೈಸೂರು, ಮಂಡ್ಯದ ಬ್ಯಾಸ್ಕೆಟ್‌ಬಾಲ್ ಅಂಕಣಗಳ ಸುತ್ತ ಒಂದೇ ಮಾತು. ಆ ಹುಡುಗನನ್ನು ಇಷ್ಟು ಬೇಗ ಕೈಬಿಡಬಾರದಿತ್ತು ಎಂದು ಒಬ್ಬರು, ಬಿಟ್ಟಿದ್ದೇ ಸರಿ ಎಂದು ಇನ್ನೊಬ್ಬರು. ಪೋಷಕರು ರಾಜಕೀಯ ನಡೆದಿದೆ ಎನ್ನುತ್ತಾರೆ. ಆಯ್ಕೆ ಮಾಡಿದವರು ಎತ್ತರ ಸಾಲದು, ಶಾಟ್ ಬೀಳಲಿಲ್ಲ ಎನ್ನುತ್ತಾರೆ. ಇಬ್ಬರ ಕೈಯಲ್ಲೂ ಬರೆದಿಟ್ಟ ಲೆಕ್ಕ ಇರುವುದಿಲ್ಲ. ಈ ಪತ್ರ ಯಾವುದೇ ಒಂದು ತಂಡದ ಮೇಲಿನ ದೂರಲ್ಲ. ಬೇಗ ಬಿಟ್ಟೆವೋ ಇಲ್ಲವೋ ಎಂಬುದನ್ನು ತಕ್ಕಮಟ್ಟಿಗೆ ಅಳೆಯಬಹುದು, ಅದಕ್ಕೆ ಒಂದು ನೋಟ್‌ಬುಕ್ಕೂ ಒಂದು ಅಳತೆ ಟೇಪೂ ಸಾಕು. ಆ ಕೆಲಸ ಆಗುತ್ತಿಲ್ಲವಲ್ಲ ಎಂಬ ಸಂಕಟದಿಂದ ಬರೆಯುತ್ತಿದ್ದೇನೆ.

ಮೊದಲು ಆಡಿದ ನಿಮಿಷಗಳ ವಿಷಯ. ಯಾವುದಾದರೂ ಪಂದ್ಯದ ಸ್ಕೋರ್‌ಶೀಟ್ ತೆಗೆದು ನೋಡಿ. ಆಟಗಾರ ಅಂಕಣಕ್ಕೆ ಇಳಿದರೆ ಹೆಸರಿನ ಮುಂದೆ ಒಂದು ಇಂಟು ಗುರುತು ಬೀಳುತ್ತದೆ. ಮೊದಲ ಐವರಲ್ಲಿ ಒಬ್ಬನಾಗಿದ್ದರೆ ಆ ಗುರುತಿಗೆ ಒಂದು ಸುತ್ತು. ಕೊನೆಯ 40 ಸೆಕೆಂಡಿಗೆ ಇಳಿದವನಿಗೂ ಅದೇ ಇಂಟು, ಮೂರು ಕ್ವಾರ್ಟರ್ (ತಲಾ 10 ನಿಮಿಷ) ಬೆವರು ಸುರಿಸಿದ ಬದಲಿ ಆಟಗಾರನಿಗೂ ಅದೇ ಇಂಟು. ಪಾಯಿಂಟ್ ಬರೆಯಲು, ಫೌಲ್ ಬರೆಯಲು ಜಾಗವಿದೆ, ನಿಮಿಷ ಬರೆಯಲು ಇಲ್ಲ. ವರ್ಷದ ಕೊನೆಗೆ 'ಆರು ಪಂದ್ಯ, ಒಂಬತ್ತು ಪಾಯಿಂಟ್' ಎಂದು ಓದಿದರೆ ಈ ಹುಡುಗ ಪ್ರಯೋಜನವಿಲ್ಲ ಎನಿಸುವುದು ಸಹಜ. ಆ ಆರು ಪಂದ್ಯಗಳಲ್ಲಿ ಅವನು ಆಡಿದ್ದೇ ಒಟ್ಟು 20 ನಿಮಿಷವಾಗಿದ್ದರೆ? 40 ನಿಮಿಷದ ಪೂರ್ತಿ ಪಂದ್ಯಕ್ಕೆ ಲೆಕ್ಕ ಹಾಕಿದರೆ 18 ಪಾಯಿಂಟ್ ಆಯಿತು.

ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿದೆ. ಜರ್ಮೇನ್ ಓನೀಲ್ ಅವರನ್ನು ಪೋರ್ಟ್‌ಲ್ಯಾಂಡ್ ತಂಡ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ 1996ರ ಡ್ರಾಫ್ಟ್‌ನಲ್ಲಿ 17ನೆಯವರಾಗಿ ಹೈಸ್ಕೂಲಿನಿಂದ ನೇರ ಆರಿಸಿಕೊಂಡಿತು. ನಾಲ್ಕು ಋತು ಅವರು ಹೆಚ್ಚಿನ ಹೊತ್ತು ಬೆಂಚಿನಲ್ಲೇ ಕಳೆದರು. ನಾಲ್ಕನೆಯ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 12.3 ನಿಮಿಷ ಸಿಕ್ಕಿತು, ಬಂದದ್ದು 3.9 ಪಾಯಿಂಟ್, 3.3 ರೀಬೌಂಡ್ (ಗುರಿ ತಪ್ಪಿ ಪುಟಿದ ಚೆಂಡು ಹಿಡಿದದ್ದು). 2000ದಲ್ಲಿ ತಂಡ ಅವರನ್ನು ಇಂಡಿಯಾನಾಕ್ಕೆ ಕೊಟ್ಟು ಅನುಭವಿ ಡೇಲ್ ಡೇವಿಸ್ ಅವರನ್ನು ತಂದಿತು. ಮುಂದಿನ ಋತುವಿನಲ್ಲೇ ಓನೀಲ್ 32.6 ನಿಮಿಷ ಆಡಿ 12.9 ಪಾಯಿಂಟ್, 9.8 ರೀಬೌಂಡ್ ತಂದರು. 2002ರಿಂದ ಸತತ ಆರು ಬಾರಿ ಆಲ್‌ಸ್ಟಾರ್ ಆದರು. ರಾತ್ರೋರಾತ್ರಿ ಹುಡುಗ ಬದಲಾದ ಎನ್ನುವವರು 40 ನಿಮಿಷದ ಲೆಕ್ಕ ಹಾಕಿ ನೋಡಲಿ. ಪೋರ್ಟ್‌ಲ್ಯಾಂಡಿನ ಕೊನೆಯ ವರ್ಷ ಸುಮಾರು 12.7 ಪಾಯಿಂಟ್, 10.7 ರೀಬೌಂಡ್. ಇಂಡಿಯಾನಾದ ಮೊದಲ ವರ್ಷ 15.8 ಪಾಯಿಂಟ್, 12 ರೀಬೌಂಡ್. ಸುಧಾರಣೆ ಇದೆ, ನಿಜ. ಆದರೆ ಆ ಸಾಮರ್ಥ್ಯದ ಬಹುಪಾಲು ಬೆಂಚಿನ ಮೇಲೆ ಕೂತಿದ್ದಾಗಲೇ ಅವರಲ್ಲಿತ್ತು.

ಪೋರ್ಟ್‌ಲ್ಯಾಂಡಿನವರು ಆಟ ತಿಳಿಯದವರಲ್ಲ. ಎನ್‌ಬಿಎಯ ಸೆಮಿಫೈನಲ್‌ನಂಥ 2000ದ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನ ಏಳನೇ ಪಂದ್ಯದಲ್ಲಿ, ಕೊನೆಯ ಕ್ವಾರ್ಟರ್‌ನಲ್ಲಿ 15 ಪಾಯಿಂಟ್ ಮುಂದಿದ್ದೂ ಲೇಕರ್ಸ್ ಎದುರು ಸೋತಿದ್ದರು. ಮರುವರ್ಷ ಗೆಲ್ಲಲೇಬೇಕಿತ್ತು. ಈ ವರ್ಷವೇ ಕಪ್ ಬೇಕು ಎನ್ನುವ ತಂಡವೇ ಎಳೆಯರನ್ನು ಬೇಗ ಬಿಡುತ್ತದೆ. ಬಾಸ್ಟನ್ ತಂಡ 1997ರಲ್ಲಿ 3ನೆಯವರಾಗಿ ಆರಿಸಿದ ಚಾನ್ಸಿ ಬಿಲಪ್ಸ್ ಅವರನ್ನು 51 ಪಂದ್ಯಕ್ಕೇ ಬಿಟ್ಟುಕೊಟ್ಟಿತು. 2004ರಲ್ಲಿ ಡೆಟ್ರಾಯಿಟ್ ಚಾಂಪಿಯನ್ ಆದಾಗ ಫೈನಲ್ಸ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದವರು ಅದೇ ಬಿಲಪ್ಸ್. ನಮ್ಮ ಜಿಲ್ಲಾ ತಂಡಗಳಿಗೆ ಅಂಥ ಒತ್ತಡ ಯಾಕಿರಬೇಕು? 14 ವರ್ಷದೊಳಗಿನವರ ಟ್ರೋಫಿ ಈ ವರ್ಷ ಬಾರದಿದ್ದರೆ ಯಾರ ಗಂಟೂ ಹೋಗುವುದಿಲ್ಲ.

ನಿಮಿಷದ ಲೆಕ್ಕ ಇಡುವುದು ಸುಲಭ. ಬೆಂಚಿನಲ್ಲಿರುವ ಮ್ಯಾನೇಜರ್ ಪ್ರತಿ ಆಟಗಾರನಿಗೆ ಮೂರು ಕಾಲಂ ಹಾಕಿಕೊಳ್ಳಲಿ: ಇಳಿದ ಹೊತ್ತು, ಹೊರಬಂದ ಹೊತ್ತು, ಇಳಿದಾಗಿನ ಸ್ಕೋರ್. ಎರಡನೇ ಕ್ವಾರ್ಟರ್‌ನಲ್ಲಿ ಗಡಿಯಾರ 6:40 ತೋರಿಸುವಾಗ ಇಳಿದು 2:10ಕ್ಕೆ ಹೊರಬಂದರೆ ನಾಲ್ಕೂವರೆ ನಿಮಿಷ. ಸ್ಕೋರ್ ಬರೆಯುವುದಕ್ಕೂ ಕಾರಣವಿದೆ. 25 ಪಾಯಿಂಟ್ ಅಂತರದಲ್ಲಿ ಪಂದ್ಯ ಮುಗಿದೇ ಹೋದ ಮೇಲೆ, ಎದುರಾಳಿಯ ಬದಲಿ ಆಟಗಾರರ ಮುಂದೆ ಹಾಕಿದ ಪಾಯಿಂಟ್‌ಗೆ ಅಷ್ಟು ತೂಕವಿಲ್ಲ. ಅಂಥ ನಿಮಿಷಗಳನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆದರೆ ಸಾಕು.

ಮೈಕಲ್ ಜೋರ್ಡನ್ ಅವರನ್ನೇ ಶಾಲಾ ತಂಡದಿಂದ ಕಿತ್ತುಹಾಕಿದ್ದರಂತೆ ಎಂಬ ಮಾತನ್ನು ಆಯ್ಕೆಯಾಗದ ಮಕ್ಕಳಿಗೆ ಸಮಾಧಾನ ಹೇಳುವಾಗ ಬಳಸುತ್ತಾರೆ. ನಡೆದದ್ದು ಬೇರೆ. 1978ರಲ್ಲಿ ವಿಲ್ಮಿಂಗ್ಟನ್‌ನ ಲೇನಿ ಹೈಸ್ಕೂಲಿನಲ್ಲಿ ಸುಮಾರು 5 ಅಡಿ 10 ಇಂಚಿನ ಜೋರ್ಡನ್ ಬದಲು 6 ಅಡಿ 7 ಇಂಚಿನ ಸಹಪಾಠಿಯನ್ನು ಹಿರಿಯರ ತಂಡಕ್ಕೆ ತೆಗೆದುಕೊಂಡರು. ಜೋರ್ಡನ್ ಅವರನ್ನು ಮನೆಗೆ ಕಳಿಸಲಿಲ್ಲ, ಕಿರಿಯರ ತಂಡದಲ್ಲಿ ಆಡಿಸಿದರು. ಹಿರಿಯರ ಬೆಂಚಿನಲ್ಲಿ ಕೂರುವ ಬದಲು ಇಡೀ ಋತು ಚೆಂಡು ಅವರ ಕೈಯಲ್ಲಿತ್ತು, ಅಷ್ಟರಲ್ಲಿ ಎತ್ತರವೂ ಬೆಳೆಯಿತು. ನಮ್ಮಲ್ಲಿ ಪಟ್ಟಿಯಲ್ಲಿ ಹೆಸರಿಲ್ಲದ ಮಗುವಿಗೆ ಆ ಎರಡನೇ ತಂಡವೇ ಇಲ್ಲ. ಹೆಸರು ಬಿದ್ದಿಲ್ಲ ಎಂದರೆ ಆ ವರ್ಷದ ಆಟ ಮುಗಿಯಿತು.

ಇನ್ನು ಟ್ರಯಲ್ಸ್. ಸಾಮಾನ್ಯವಾಗಿ 10 ಫ್ರೀ ಥ್ರೋ (ಯಾರ ಅಡ್ಡಿಯೂ ಇಲ್ಲದ ಎಸೆತ) ಹಾಕಿಸಿ ಎಷ್ಟು ಬಿದ್ದವೋ ಅಷ್ಟು ಅಂಕ ಕೊಡುತ್ತಾರೆ. ನೂರಕ್ಕೆ 60 ಹಾಕಬಲ್ಲ ಹುಡುಗ 10 ಎಸೆತದಲ್ಲಿ ನಾಲ್ಕೋ ಅದಕ್ಕಿಂತ ಕಡಿಮೆಯೋ ಹಾಕುವ ಸಾಧ್ಯತೆ ಆರರಲ್ಲಿ ಒಂದರಷ್ಟಿದೆ. ನೂರಕ್ಕೆ 45 ಮಾತ್ರ ಹಾಕಬಲ್ಲವನು ಆರೋ ಅದಕ್ಕಿಂತ ಹೆಚ್ಚೋ ಹಾಕುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂದರೆ ಒಂದೇ ಬೆಳಿಗ್ಗೆ ಒಳ್ಳೆಯ ಶೂಟರ್ ಕೆಳಗಿಳಿದು ಸಾಧಾರಣದವನು ಮೇಲೇರುವುದು ಅಪರೂಪವೇನಲ್ಲ. ಇಲ್ಲಿ ಯಾರ ಮೋಸವೂ ಬೇಕಿಲ್ಲ, ಎಸೆತ ಕಡಿಮೆಯಾದರೆ ಹೀಗಾಗುತ್ತದೆ. ಶಾಲೆಯಲ್ಲೇ ಹತ್ತು ದಿನ, ದಿನಕ್ಕೆ ಹತ್ತು ಫ್ರೀ ಥ್ರೋ ಹಾಕಿಸಿ ದೈಹಿಕ ಶಿಕ್ಷಕರು ಬರೆದು ಕಳಿಸಿದರೆ 100 ಎಸೆತದ ಲೆಕ್ಕ ಸಿಗುತ್ತದೆ, ತಪ್ಪುವ ಅಂತರ ಮೂರನೇ ಒಂದು ಭಾಗಕ್ಕಿಳಿಯುತ್ತದೆ.

ಚೆಂಡಿನ ಗಾತ್ರವನ್ನೂ ನೋಡಬೇಕು. 7ನೇ ಸೈಜಿನ ಚೆಂಡು ಸುಮಾರು 600 ಗ್ರಾಂ, ಹೆಣ್ಣುಮಕ್ಕಳ 6ನೇ ಸೈಜ್ ಸುಮಾರು 530, ಚಿಕ್ಕ ಮಕ್ಕಳ 5ನೇ ಸೈಜ್ ಸುಮಾರು 480. ಬಹಳ ಶಾಲೆಗಳಲ್ಲಿ ಇರುವ ಚೆಂಡು 7ನೇ ಸೈಜಿನದೇ, ಎಲ್ಲರೂ ಅದರಲ್ಲೇ ಆಡುತ್ತಾರೆ. 3.05 ಮೀಟರ್ ಎತ್ತರದ ರಿಂಗಿಗೆ ಆ ಭಾರವನ್ನು ತಲುಪಿಸಲು ಎಳೆಯ ಭುಜಕ್ಕೆ ಶಕ್ತಿ ಸಾಲದು. ಮಗು ಚೆಂಡನ್ನು ಸೊಂಟದ ಬಳಿಯಿಂದ ಎತ್ತುತ್ತದೆ, ಮೊಣಕೈ ಹೊರಕ್ಕೆ ಹೋಗುತ್ತದೆ, ಎಡಗೈ ಹೆಬ್ಬೆರಳು ಪಕ್ಕದಿಂದ ತಳ್ಳಿ ಚೆಂಡು ಅಡ್ಡಡ್ಡ ತಿರುಗುತ್ತದೆ. ನೋಡುವವರು 'ಫಾರಂ ಸರಿಯಿಲ್ಲ' ಎಂದು ಬರೆದುಬಿಡುತ್ತಾರೆ. ಪರೀಕ್ಷೆ ಸುಲಭ. ಅದೇ ಮಗುವಿಗೆ 5ನೇ ಸೈಜಿನ ಚೆಂಡು ಕೊಟ್ಟು ರಿಂಗಿನಿಂದ ಮೂರು ಮೀಟರ್ ದೂರದಲ್ಲಿ ನಿಲ್ಲಿಸಿ. ಮೊಣಕೈ ತಾನಾಗಿ ಚೆಂಡಿನ ಕೆಳಗೆ ಬಂದರೆ ಕೊರತೆ ಬಲದ್ದು, ಅದು ವಯಸ್ಸಿನೊಂದಿಗೆ ತುಂಬುತ್ತದೆ. ಆಗಲೂ ಹೊರಗೇ ಇದ್ದರೆ ತಿದ್ದುವ ಕೆಲಸವಿದೆ ಎಂದರ್ಥ.

ಎತ್ತರದ ವಿಷಯದಲ್ಲಿ ಆಗುವ ತಪ್ಪೇ ಎಲ್ಲಕ್ಕಿಂತ ದೊಡ್ಡದು. ಟ್ರಯಲ್ಸ್ ದಿನ ಒಮ್ಮೆ ಅಳೆದು ಬಿಟ್ಟರೆ ಈ ಮಗು ಎಲ್ಲಿದೆ ಎಂದು ತಿಳಿಯುತ್ತದೆಯೇ ಹೊರತು ಎಲ್ಲಿಗೆ ಹೋಗುತ್ತಿದೆ ಎಂದಲ್ಲ. ಗಂಡುಮಕ್ಕಳು ಅತಿ ವೇಗವಾಗಿ ಬೆಳೆಯುವುದು ಸರಾಸರಿ 14ರ ಹತ್ತಿರ, ವರ್ಷಕ್ಕೆ 9–10 ಸೆಂ.ಮೀ. ಹೆಣ್ಣುಮಕ್ಕಳು 12ರ ಹತ್ತಿರ, ವರ್ಷಕ್ಕೆ ಸುಮಾರು 8 ಸೆಂ.ಮೀ. ಈ ಜಿಗಿತ ಕೆಲವರಿಗೆ ಎರಡು ವರ್ಷ ಮೊದಲೇ ಬರುತ್ತದೆ, ಕೆಲವರಿಗೆ ಎರಡು ವರ್ಷ ತಡವಾಗಿ. ಒಂದೇ ತರಗತಿಯ, ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬ ಬೆಳೆದು ಮುಗಿಸಿರುತ್ತಾನೆ, ಇನ್ನೊಬ್ಬ ಶುರುವೇ ಮಾಡಿರುವುದಿಲ್ಲ. ಅದರ ಮೇಲೆ ವಯೋಮಿತಿಯ ಗಡಿ ಜನವರಿ 1 ಎಂದಾದರೆ ಡಿಸೆಂಬರ್‌ನಲ್ಲಿ ಹುಟ್ಟಿದ ಮಗು ಜನವರಿಯ ಮಗುವಿಗಿಂತ 11 ತಿಂಗಳು ಹಿಂದೆ.

ಅಳೆಯುವ ಕ್ರಮ ಹೀಗಿರಲಿ. ಬರಿಗಾಲಲ್ಲಿ, ಪ್ರತಿ ಸಲವೂ ಬೆಳಿಗ್ಗೆಯೇ, ಏಕೆಂದರೆ ಸಂಜೆಯ ಹೊತ್ತಿಗೆ ಎತ್ತರ ಒಂದು ಸೆಂ.ಮೀ.ವರೆಗೂ ಕುಗ್ಗುತ್ತದೆ. ಹಿಮ್ಮಡಿ, ಬೆನ್ನು ಗೋಡೆಗೆ ತಾಗಿರಲಿ, ತಲೆಯ ಮೇಲೆ ರಟ್ಟಿನ ಪುಸ್ತಕವನ್ನು ಗೋಡೆಗೆ ನೇರವಾಗಿ ಹಿಡಿದು ಗುರುತು ಹಾಕಿ. ಆಮೇಲೆ ಅದೇ ಗೋಡೆಗೆ ಗಟ್ಟಿ ಸ್ಟೂಲ್ ಒತ್ತಿಟ್ಟು ಕೂರಿಸಿ ಅಳೆದು, ಸ್ಟೂಲಿನ ಎತ್ತರ ಕಳೆಯಿರಿ. ನಿಂತ ಎತ್ತರದಿಂದ ಕೂತ ಎತ್ತರ ಕಳೆದರೆ ಕಾಲಿನ ಉದ್ದ. ಮೊದಲು ಕಾಲು ಬೆಳೆಯುತ್ತದೆ, ಮುಂಡ ಆಮೇಲೆ. ಕಾಲು ಮಾತ್ರ ಸರಸರ ಉದ್ದವಾಗುತ್ತಿದ್ದರೆ ಬೆಳವಣಿಗೆ ಇನ್ನೂ ಬಾಕಿಯಿದೆ. ಮೂರು ತಿಂಗಳ ವ್ಯತ್ಯಾಸವನ್ನು ನಾಲ್ಕರಿಂದ ಗುಣಿಸಿ ವರ್ಷದ ವೇಗ ಎಂದು ಬರೆಯಬೇಡಿ, ಅರ್ಧ ಸೆಂ.ಮೀ. ಅಳತೆಯ ತಪ್ಪು ಎರಡು ಸೆಂ.ಮೀ. ಆಗಿಬಿಡುತ್ತದೆ. ಆರು ತಿಂಗಳ ಅಂತರ ಬೇಕು. ಆರು ತಿಂಗಳಲ್ಲಿ 4.5 ಸೆಂ.ಮೀ. ಬೆಳೆದಿದ್ದರೆ ಆ ಹುಡುಗ ಈಗ ಜಿಗಿತದ ನಡುವೆ ಇದ್ದಾನೆ. ಒಂದೇ ಸೆಂ.ಮೀ. ಆಗಿದ್ದು, ದನಿಯೂ ಒಡೆದು ಮೀಸೆಯೂ ಬಂದಿದ್ದರೆ ಎತ್ತರ ಹೆಚ್ಚೂಕಡಿಮೆ ಮುಗಿಯಿತು. ತಂದೆ ತಾಯಿಯ ಎತ್ತರವನ್ನು ಸೆಂ.ಮೀ. ಲೆಕ್ಕದಲ್ಲಿ ಕೂಡಿಸಿ, ಗಂಡಿಗಾದರೆ 13 ಸೇರಿಸಿ, ಹೆಣ್ಣಿಗಾದರೆ 13 ಕಳೆದು, ಎರಡರಿಂದ ಭಾಗಿಸಿದರೆ ಒಂದು ಅಂದಾಜು ಸಿಗುತ್ತದೆ. ಅದು ಎಂಟು ಸೆಂ.ಮೀ. ಆಚೀಚೆ ಆಗಬಹುದು, ಹಾಗಾಗಿ ಅದೊಂದನ್ನೇ ನೆಚ್ಚಿ ಹೆಸರು ಹೊಡೆಯಬಾರದು.

ಬೆಳೆಯುವ ತಿಂಗಳುಗಳಲ್ಲಿ ಕೈಕಾಲು ಹೇಳಿದ ಮಾತು ಕೇಳುವುದಿಲ್ಲ. ಹೋದ ವರ್ಷ ಲೇಅಪ್ (ಓಡಿಬಂದು ರಿಂಗಿನ ಬಳಿ ಹಾಕುವ ಶಾಟ್) ಸಲೀಸಾಗಿ ಹಾಕುತ್ತಿದ್ದವನ ಹೆಜ್ಜೆ ತಪ್ಪುತ್ತದೆ, ಡ್ರಿಬಲ್ ಎತ್ತರಕ್ಕೆ ಪುಟಿಯುತ್ತದೆ, ಡಿಫೆನ್ಸ್‌ನಲ್ಲಿ ತಡವಾಗಿ ತಲುಪಿ ಫೌಲ್ ಮಾಡುತ್ತಾನೆ. ಮಂಡಿಯ ಕೆಳಗಿನ ಮೂಳೆ ಉಬ್ಬಿ ನೋಯುತ್ತದೆ, ಜಿಗಿಯಲು ಹಿಂಜರಿಯುತ್ತಾನೆ. 'ಹೋದ ವರ್ಷದ ಹುಡುಗನಲ್ಲ ಇವನು, ಆಸಕ್ತಿ ಹೋಗಿದೆ' ಎಂಬ ತೀರ್ಪು ಬರುವುದು ಈ ಹಂತದಲ್ಲೇ. ಮಾಡಬೇಕಾದದ್ದು ಜಿಗಿಯುವ ಡ್ರಿಲ್ ಕಡಿಮೆ ಮಾಡಿ, ನಿಂತಲ್ಲೇ ಪಾಸು, ಶೂಟಿಂಗ್, ಚೆಂಡಿನ ಹಿಡಿತ ಮುಂದುವರಿಸುವುದು. ನೋವು ಬಿಡದಿದ್ದರೆ ವೈದ್ಯರಿಗೆ ತೋರಿಸುವುದು.

ಇದರ ಇನ್ನೊಂದು ಮುಖ ಹೆಣ್ಣುಮಕ್ಕಳ ತಂಡಗಳಲ್ಲಿ ಕಾಣುತ್ತದೆ. 12ಕ್ಕೇ ಎಲ್ಲರಿಗಿಂತ ಎತ್ತರವಾದ ಹುಡುಗಿಯನ್ನು ರಿಂಗಿನ ಕೆಳಗೆ ನಿಲ್ಲಿಸಿಬಿಡುತ್ತಾರೆ. ನಾಲ್ಕು ವರ್ಷ ಅವಳು ಚೆಂಡು ಹಿಡಿದು ಹಾಕುವುದನ್ನಷ್ಟೇ ಮಾಡುತ್ತಾಳೆ. 16ರ ಹೊತ್ತಿಗೆ ಉಳಿದವರು ಅವಳ ಸಮಕ್ಕೆ ಬಂದಿರುತ್ತಾರೆ. ಆಗ ರಿಂಗಿನ ಕೆಳಗೆ ಸೆಂಟರ್ ಆಡಲು ಎತ್ತರ ಸಾಲದು, ಚೆಂಡು ನಡೆಸುವ ಗಾರ್ಡ್ ಆಡಲು ಡ್ರಿಬಲ್ ಬಾರದು, ತಂಡದಿಂದ ಹೊರಗೆ. ಅವಳನ್ನು ಕೈಬಿಟ್ಟದ್ದು 16ಕ್ಕೆ ಅಲ್ಲ, ಡ್ರಿಬಲ್ ಕಲಿಸದೆ ಬಿಟ್ಟ 12ರಲ್ಲೇ.

ಕೈಬಿಡುವುದೇ ತಪ್ಪು ಎಂಬುದು ನನ್ನ ವಾದವಲ್ಲ. ತಂಡದಲ್ಲಿ 12 ಜಾಗ, ವಸತಿ ನಿಲಯದಲ್ಲಿ ಇಂತಿಷ್ಟೇ ಸೀಟು. ಪಂಜಾಬಿನ ಸತ್ನಾಮ್ ಸಿಂಗ್ 2015ರಲ್ಲಿ ಎನ್‌ಬಿಎಯ ಡಲ್ಲಾಸ್ ತಂಡಕ್ಕೆ 52ನೆಯವರಾಗಿ ಆಯ್ಕೆಯಾದಾಗ ದೇಶವೇ ಹಿಗ್ಗಿತು. 7 ಅಡಿ 2 ಇಂಚಿನ ಅವರಿಗೆ ಕೆಳಹಂತದ ಟೆಕ್ಸಾಸ್ ಲೆಜೆಂಡ್ಸ್‌ನಲ್ಲಿ ಆಡುವ ಅವಕಾಶ ಸಿಕ್ಕಿತು, ಎನ್‌ಬಿಎ ಪಂದ್ಯ ಆಡಲಾಗಲಿಲ್ಲ. ದೊಡ್ಡ ಮೈಯವರೂ ಹೊರಗೆ ಓಡಿ ತ್ರೀ ಪಾಯಿಂಟ್ ತಡೆಯಬೇಕಾದ ಕಾಲಕ್ಕೆ ಆಟ ಬಂದಿತ್ತು. ಅವರನ್ನು ಬಿಟ್ಟದ್ದು ಅವಸರದ ನಿರ್ಧಾರ ಎನ್ನಲಾರೆ. ಡೆಟ್ರಾಯಿಟ್ 2003ರಲ್ಲಿ 2ನೆಯವರಾಗಿ ಆರಿಸಿದ ಡಾರ್ಕೊ ಮಿಲಿಚಿಚ್ ವಿಷಯ ಇನ್ನೂ ಕಷ್ಟದ್ದು. 18ರ ಹುಡುಗನಿಗೆ ಮೊದಲ ವರ್ಷ ಸಿಕ್ಕಿದ್ದು ಪಂದ್ಯಕ್ಕೆ ಐದು ನಿಮಿಷಕ್ಕೂ ಕಡಿಮೆ. 2006ರಲ್ಲಿ ಬಿಟ್ಟುಕೊಟ್ಟರು. ಆಮೇಲೆ ಬೇರೆ ತಂಡಗಳಲ್ಲಿ ಹೆಚ್ಚು ಆಡಿಯೂ ಅವರು ಮೇಲೇಳಲಿಲ್ಲ. ಕಲಿಯಬೇಕಾದ ವರ್ಷಗಳು ಬೆಂಚಿನಲ್ಲಿ ಕಳೆದಿದ್ದರಿಂದ ಹಾಗಾಯಿತೋ, ಇದ್ದದ್ದೇ ಅಷ್ಟೋ, ಯಾರೂ ಹೇಳಲಾರರು.

ಬಿಡಬಹುದೋ ಇಲ್ಲವೋ ಎಂದು ನೋಡಲು ನಾನು ನಂಬುವುದು ಕಲಿಯುವ ವೇಗವನ್ನು. ಒಂದೇ ಒಂದು ತಿದ್ದುಪಡಿ ಹೇಳಿ. ಉದಾಹರಣೆಗೆ, ಚೆಂಡು ಆ ಬದಿಗೆ ಹೋದಾಗ ಈ ಬದಿಯ ಡಿಫೆಂಡರ್‌ನ ಒಂದು ಕಾಲು ಪೇಂಟ್ (ರಿಂಗಿನ ಮುಂದಿನ ಆಯತ) ಒಳಗಿರಬೇಕು. ಅಭ್ಯಾಸದಲ್ಲಿ ಹತ್ತು ಸಲ ಎಣಿಸಿ. ಮೊದಲ ವಾರ ಮೂರು, ನಾಲ್ಕನೇ ವಾರ ಏಳು ಎಂದಾದರೆ ಆ ಮಗುವನ್ನು ಬಿಡಬೇಡಿ, ಪಾಯಿಂಟ್ ಎಷ್ಟೇ ಕಡಿಮೆ ಇರಲಿ. ತಪ್ಪದೆ ಅಭ್ಯಾಸಕ್ಕೆ ಬಂದೂ ಎರಡು ತಿಂಗಳ ಮೇಲೆ ಮೂರರಲ್ಲೇ ನಿಂತು, ಮುಂದಿನ ತಿದ್ದುಪಡಿಯಲ್ಲೂ ಹಾಗೇ ಆದರೆ ಬಿಡುವ ಮಾತಾಡಬಹುದು.

ನಮ್ಮ ಎರಡು ಜಿಲ್ಲೆಗಳಿಗೆ ಒಂದು ಅನುಕೂಲವಿದೆ. ಮೈಸೂರಿಗೂ ಮಂಡ್ಯಕ್ಕೂ ನಡುವೆ ಸುಮಾರು 45 ಕಿ.ಮೀ., ರೈಲಿನಲ್ಲಿ ಹೋಗಿ ಸಂಜೆಗೆ ವಾಪಸಾಗಬಹುದು. ಪಟ್ಟಿಯಲ್ಲಿ ಹೆಸರಿಲ್ಲದ ಮಕ್ಕಳದೇ ಬಿ ತಂಡ ಕಟ್ಟಿ ತಿಂಗಳಿಗೊಂದು ಭಾನುವಾರ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಆಡಿಸಲಿ. ನಿಯಮ ಒಂದೇ: 12 ಜನರೂ ಕನಿಷ್ಠ ಒಂದು ಪೂರ್ತಿ ಕ್ವಾರ್ಟರ್ ಆಡಬೇಕು. ಮೊದಲ ಕ್ವಾರ್ಟರ್‌ಗೆ ಐವರು, ಎರಡನೆಯದಕ್ಕೆ ಬೇರೆ ಐವರು, ಉಳಿದ ಇಬ್ಬರು ಮೂರನೆಯದರಲ್ಲಿ, ಕೊನೆಯದು ಕೋಚ್ ಇಷ್ಟ. ಕ್ರೀಡಾ ಇಲಾಖೆಯ ಜಿಲ್ಲಾ ಅಧಿಕಾರಿಗಳೂ ಎರಡೂ ಕಡೆಯ ದೈಹಿಕ ಶಿಕ್ಷಕರೂ ಕೂತು ಮಾತಾಡಿದರೆ ಮುಂದಿನ ಆಯ್ಕೆಗೆ ಮೊದಲೇ ಇದನ್ನು ಶುರು ಮಾಡಬಹುದು. ಆಯ್ಕೆಯಾಗದ ಪ್ರತಿ ಮಗುವಿನ ಕೈಗೂ ಅರ್ಧ ಹಾಳೆಯ ಚೀಟಿ ಕೊಡಲಿ. ಅದರಲ್ಲಿ ನಿಂತ ಎತ್ತರ, ಕೂತ ಎತ್ತರ, ಆಡಿದ ನಿಮಿಷ, ತಿದ್ದಿಕೊಳ್ಳಬೇಕಾದ ಒಂದು ಅಂಶ, ಆರು ತಿಂಗಳ ನಂತರ ಮತ್ತೆ ನೋಡುವ ದಿನಾಂಕ ಮತ್ತು ನೋಡುವವರ ಸಹಿ ಇರಲಿ.

— ಬ್ಯಾಸ್ಕೆಟ್‌ಬಾಲ್ ತರಬೇತುದಾರ, ಸರಸ್ವತಿಪುರಂ, ಮೈಸೂರು