ಆ ರಾತ್ರಿ ಜೊತೆಗಿದ್ದವರಿಗೆ

ನನ್ನ ಬಯಾಪ್ಸಿ (ಸೂಜಿಯಿಂದ ಚೂರು ತೆಗೆದು ಮಾಡೋ ಪರೀಕ್ಷೆ) ರಿಪೋರ್ಟ್ ಬಂತು. ಪ್ರಾಸ್ಟೇಟ್‌ನಲ್ಲಿ, ಅಂದರೆ ಗಂಡಸರಿಗೆ ಮೂತ್ರಕೋಶದ ಕೆಳಗಿರೋ ಗ್ರಂಥಿಯಲ್ಲಿ, ಕ್ಯಾನ್ಸರ್ ಇದೆ. ಆದರೆ ಕ್ಯಾನ್ಸರ್ ಎಷ್ಟು ಜೋರು ಅಂತ ಹೇಳೋ ಗ್ಲೀಸನ್ ಅಂಕ 3+3, ಅಂದರೆ ನಿಧಾನವಾಗಿ ಬೆಳೆಯುವಂಥದ್ದು. ಸದ್ಯಕ್ಕೆ ಆಪರೇಷನ್ ಬೇಡ, ಆಗಾಗ ಪಿಎಸ್‌ಎ ಅನ್ನೋ ರಕ್ತಪರೀಕ್ಷೆ ಮಾಡಿಸಿ ನೋಡ್ತಾ ಇರೋಣ ಅಂತ ಡಾಕ್ಟರು ಅಂದಿದ್ದಾರೆ. ಗಾಬರಿಯಲ್ಲಿದ್ದ ಎಲ್ಲರಿಗೂ ಮೊದಲು ಈ ಸುದ್ದಿ.

ನನ್ನ ಕರುಳಿನ ಹಳೇ ಕಥೆ ನಿಮಗೆ ಗೊತ್ತೇ ಇದೆ, ಮತ್ತೆ ಹೇಳೋದಿಲ್ಲ. ಆದರೆ ನನ್ನ ಹಾಗೆ ಗುದನಾಳ ತೆಗೆಸಿಕೊಂಡು, ಮಲ ಹೋಗೋಕೆ ಹೊಟ್ಟೆ ಮೇಲೆ ಬ್ಯಾಗ್ ಹಾಕಿಕೊಂಡವರು ಯಾರಾದ್ರೂ ಓದ್ತಿದ್ರೆ ಅವರಿಗೊಂದು ಮಾತು. ಪ್ರಾಸ್ಟೇಟ್ ಬಯಾಪ್ಸಿಗೆ ಸಾಮಾನ್ಯವಾಗಿ ಗುದದ್ವಾರದಲ್ಲಿ ಸ್ಕ್ಯಾನಿಂಗ್ ಪ್ರೋಬ್ ಇಟ್ಟು, ಅದರಲ್ಲಿ ನೋಡ್ತಾ ಸೂಜಿ ಹಾಕ್ತಾರೆ. ನಮಗೆ ಆ ದಾರಿಯೇ ಮುಚ್ಚಿರುತ್ತೆ. ಮೊದಲು ತೋರಿಸಿದ ಕಡೆ "ನಿಮಗೆ ಬಯಾಪ್ಸಿ ಆಗಲ್ಲ" ಅಂದುಬಿಟ್ಟರು. ಅಲ್ಲಿಗೇ ಸುಮ್ನಾಗಬೇಡಿ.

ಎರಡನೇ ಡಾಕ್ಟರಮ್ಮ ಮೊದಲು ಎಂಆರ್‌ಐ ಮಾಡಿಸಿ, ಅನುಮಾನದ ಜಾಗ ಎಲ್ಲಿದೆ ಅಂತ ಗುರುತು ಮಾಡಿಕೊಂಡರು. ಆಮೇಲೆ ಒಂದು ಹಾಳೆ ಮೇಲೆ ಚಿತ್ರ ಬರೆದು ತೋರಿಸಿದರು. ವೃಷಣದ ಹಿಂದಿನ ಚರ್ಮದ ಮೇಲೆ ಪ್ರೋಬ್ ಒತ್ತಿ ಹಿಡಿದು, ಅಲ್ಲಿಂದಲೇ ಸೂಜಿ ಹಾಕಬಹುದು. ಅದರಲ್ಲಿ ಸರಿಯಾಗಿ ಕಾಣದಿದ್ದರೆ ಬೋರಲು ಮಲಗಿಸಿ, ಸಿಟಿ ಸ್ಕ್ಯಾನ್ ನೋಡ್ತಾ ಪೃಷ್ಠದ ಮೂಲಕ ಹೋಗಬಹುದು. ಕೆಲವು ಕಡೆ ಎಂಆರ್‌ಐ ಯಂತ್ರದೊಳಗೇ ಮಾಡ್ತಾರಂತೆ. ನನಗೆ ಮೊದಲನೆಯದೇ ಸಾಕಾಯ್ತು. ಸೂಜಿ ಕರುಳನ್ನು ದಾಟಿ ಹೋಗದೇ ಇರೋದರಿಂದ ಸೋಂಕಿನ ಭಯವೂ ಕಡಿಮೆ ಅಂದರು. ಅವರಷ್ಟು ತಾಳ್ಮೆಯಿಂದ ನನಗೆ ಯಾರೂ ವಿವರಿಸಿರಲಿಲ್ಲ. ಅಮ್ಮಾ, ನಿಮ್ಮ ಋಣ ದೊಡ್ಡದು.

ಈಗ ನಮ್ಮ ಷಡ್ಡಕರ ವಿಷಯ.

ನನ್ನವಳು ಮಗಳ ಬಾಣಂತನಕ್ಕೆ ಹೋಗಿದ್ದಳು. "ನೀವು ಅಲ್ಲೇ ಇರಿ ಅತ್ತಿಗೆ, ಭಾವನ್ನ ನಾನು ನೋಡ್ಕೋತೀನಿ" ಅಂತ ಹೇಳಿ ಇವರು ನನ್ನನ್ನು ತಮ್ಮ ಮನೆಗೇ ಕರೆದುಕೊಂಡು ಹೋದರು. ಬಯಾಪ್ಸಿ ಆದ ರಾತ್ರಿ ನನಗೆ ಮೂತ್ರ ಕಟ್ಟಿಕೊಂಡಿತು. ಹಾಗಾಗಬಹುದು ಅಂತ ಮೊದಲೇ ಹೇಳಿದ್ದರು, ಆದರೆ ಆ ನೋವು ಹೇಳಿದರೆ ಗೊತ್ತಾಗುವಂಥದ್ದಲ್ಲ. ಅದೇ ಹೊತ್ತಿಗೆ ಬ್ಯಾಗೂ ಸೋರೋಕೆ ಶುರುವಾಯ್ತು. ಪಂಚೆ, ಹಾಸಿಗೆ, ನೆಲ, ಎಲ್ಲ ಗಲೀಜು. ನಾಚಿಕೆಯಿಂದ ಗೋಡೆ ಕಡೆ ತಿರುಗಿ ಅತ್ತುಬಿಟ್ಟೆ. ಇಷ್ಟು ವರ್ಷ ಹೆಂಡತಿ ಬಿಟ್ಟು ಬೇರೆ ಯಾರಿಗೂ ಆ ಜಾಗ ತೋರಿಸಿರಲಿಲ್ಲ. ಇನ್ನು ಸಾಕು ದೇವರೇ, ಕರ್ಕೊಂಡುಬಿಡು ಅಂತಲೂ ಅನ್ನಿಸಿತು.

ಅವರು ಮೂಗು ಮುಚ್ಚಲಿಲ್ಲ, ಮುಖ ಸಿಂಡರಿಸಲಿಲ್ಲ. ನನ್ನವಳಿಗೆ ವಿಡಿಯೋ ಕಾಲ್ ಮಾಡಿ ಕೇಳಿಕೊಂಡರು. ಹಳೇ ಬ್ಯಾಗ್ ಮೆಲ್ಲಗೆ ಬಿಡಿಸಿ, ಬಿಸಿನೀರಲ್ಲಿ ಬಟ್ಟೆ ಅದ್ದಿ ಒರೆಸಿದರು. ಚರ್ಮ ಒಣಗೋವರೆಗೂ ಕಾದರು. ಅಂಟಿಸುವ ಬಿಲ್ಲೆಯಲ್ಲಿ ಕತ್ತರಿಯಿಂದ ದುಂಡಗೆ ತೂತು ಕತ್ತರಿಸಿ, ಅದನ್ನು ಎರಡೂ ಅಂಗೈ ಮಧ್ಯೆ ಇಟ್ಟು ಬೆಚ್ಚಗೆ ಮಾಡಿ ಅಂಟಿಸಿದರು. ಹಾಗೆ ಮಾಡಿದರೆ ಚೆನ್ನಾಗಿ ಕೂರುತ್ತೆ ಅಂತ ಆಗಷ್ಟೇ ಕೇಳಿ ತಿಳಿದುಕೊಂಡಿದ್ದರು. ಆಮೇಲೆ ಒಗೆದ ಪಂಚೆ ಉಡಿಸಿ, ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಹಂಪ್ ಬಂದಾಗಲೆಲ್ಲ ಡ್ರೈವರ್‌ಗೆ "ನಿಧಾನ, ನಿಧಾನ" ಅಂತಿದ್ದರು. ಅಲ್ಲಿ ಕ್ಯಾಥೆಟರ್ (ಮೂತ್ರ ಹೊರಗೆ ಬಿಡೋ ನಳಿಕೆ) ಹಾಕಿದ ಮೇಲೆ ನನಗೆ ಜೀವ ಬಂತು. ಅವರು ಬೆಳಗಿನವರೆಗೂ ಸ್ಟೂಲ್ ಮೇಲೇ ಕೂತಿದ್ದರು.

ಒಡಹುಟ್ಟಿದವರು ಮಾಡ್ತಾರೋ ಇಲ್ವೋ, ಇವರು ಮಾಡಿದರು. ಎದುರಿಗೆ ಹೇಳಿದರೆ "ಬಿಡಿ ಭಾವ" ಅಂತ ಎದ್ದು ಹೋಗ್ತಾರೆ. ಅದಕ್ಕೇ ಇಲ್ಲಿ, ಎಲ್ಲರ ಮುಂದೆ ಬರೀತಿದ್ದೀನಿ.

ಊಟ ಕಳಿಸಿದ ಪಕ್ಕದ ಮನೆಯವರು, ದುಡ್ಡು ಬೇಕಾ ಅಂತ ಕೇಳಿದ ಬ್ಯಾಂಕಿನ ಹಳೇ ಗೆಳೆಯರು, ವಾರ್ಡಿನ ಸಿಸ್ಟರುಗಳು, ದಿನಾ ಫೋನ್ ಮಾಡಿದ ಅಳಿಯಂದಿರು, ಎಲ್ಲರಿಗೂ ಕೈಮುಗಿದು ನಮಸ್ಕಾರ.

ಬ್ಯಾಗ್ ಇರೋರು, ಪಿಎಸ್‌ಎ ಜಾಸ್ತಿ ಬಂದು ಏನು ಮಾಡೋದು ಅಂತ ತೋಚದವರು ನನಗೆ ಫೋನ್ ಮಾಡಿ. ಸಂಕೋಚ ಬೇಡ. ಹಳೇ ಆಪರೇಷನ್ ಕಾಗದಗಳನ್ನೂ, ರೇಡಿಯೇಷನ್ ಆಗಿದ್ದರೆ ಅದರ ಕಾಗದವನ್ನೂ ತೆಗೆದಿಟ್ಟುಕೊಳ್ಳಿ. ಡಾಕ್ಟರು ಮೊದಲು ಕೇಳೋದು ಅದನ್ನೇ.