ಹಲಗೆ ಹಾಕುವ ಮುನ್ನ ಆಳ ಅಳೆಯಿರಿ

ಮಾನ್ಯರೇ,

ಮಲೆನಾಡಿನ ಹೋಂಸ್ಟೇ, ತೋಟದ ಮನೆಗಳಲ್ಲಿ ಈಗ ಈಜುಕೊಳ ಕಟ್ಟಿಸುವವರು ಹೆಚ್ಚಾಗಿದ್ದಾರೆ. ಮೂಡಿಗೆರೆ ಬಳಿಯ ನಮ್ಮ ತೋಟದಲ್ಲಿ ನಾನೂ ಒಂದು ಕಟ್ಟಿಸಿದೆ. ಕೆಲಸ ಮುಗಿಯುವ ಹೊತ್ತಿಗೆ ಗುತ್ತಿಗೆದಾರರು, ‘ಮಕ್ಕಳಿಗೆ ಖುಷಿ ಆಗುತ್ತೆ ಸಾರ್, ಒಂದು ಡೈವಿಂಗ್ ಬೋರ್ಡ್ ಕೂರಿಸಿಬಿಡೋಣ’ ಎಂದು ಅಂಚಿನಲ್ಲಿ ಬೋಲ್ಟಿಗೆ ತೂತು ಕೊರೆಸಿಯೇ ಬಿಟ್ಟಿದ್ದರು. ನನಗೆ ಯಾಕೋ ಸಮಾಧಾನವಾಗಲಿಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆ. ಎಳೆದು, ಒದ್ದೆಯಾದಷ್ಟನ್ನು ಟೇಪಿನಲ್ಲಿ ಅಳೆದರೆ ಬರೀ ಐದೂವರೆ ಅಡಿ! ಅದೂ ತಳದ ಜಾಲರಿಯ ಹತ್ತಿರ ಮಾತ್ರ. ನಾಲ್ಕು ಹೆಜ್ಜೆ ಮುಂದೆ ತಳ ಏರಿ ನಾಲ್ಕಡಿಗೆ ಬರುತ್ತದೆ.

ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 1 ಮೀಟರ್ ಎತ್ತರದ ಸ್ಪ್ರಿಂಗ್‌ಬೋರ್ಡಿಗೆ (ಪುಟಿದು ಧುಮುಕುವ ಹಲಗೆಗೆ) ಕನಿಷ್ಠ 3.4 ಮೀಟರ್, ಅಂದರೆ 11 ಅಡಿಗೂ ಮಿಕ್ಕಿದ ಆಳ ಬೇಕು. ಹಾರಿದವರು ನೆಟ್ಟಗೆ ಇಳಿಯುವುದಿಲ್ಲ, ಮುಂದಕ್ಕೆ ಸಾಗುತ್ತಲೇ ಇಳಿಯುತ್ತಾರೆ. ಆದ್ದರಿಂದ ಹಲಗೆಯ ಕೆಳಗಷ್ಟೇ ಗುಂಡಿ ತೋಡಿದರೆ ಸಾಲದು. ತಲೆ ತಳಕ್ಕೆ ಬಡಿದರೆ ಕುತ್ತಿಗೆಯ ಮೂಳೆ ಮುರಿದು, ಬೆನ್ನುಹುರಿಗೆ ಪೆಟ್ಟಾಗಿ, ಜೀವಮಾನವಿಡೀ ಕೈಕಾಲು ಆಡದೆ ಹೋಗಬಹುದು. ಚೆನ್ನಾಗಿ ಈಜು ಬಲ್ಲವರಿಗೂ ಇದು ತಪ್ಪಿದ್ದಲ್ಲ.

ಹೋಂಸ್ಟೇಗಳಿಗೆ ಪರವಾನಗಿ ಕೊಡುವವರು ಕೊಳದ ಆಳವನ್ನೂ ಖುದ್ದಾಗಿ ಅಳೆಯಲಿ. ಆಳವಿಲ್ಲದ ಕಡೆ ಹಲಗೆಗಳನ್ನು ತೆಗೆಸಲಿ. ನಮ್ಮಲ್ಲಿ ತೂತುಗಳಿಗೆ ಸಿಮೆಂಟು ತುಂಬಿಸಿ, ಅಂಚಿನ ಮೇಲೆ ಕೆಂಪು ಬಣ್ಣದಲ್ಲಿ ‘ಆಳ 5.5 ಅಡಿ, ಧುಮುಕಬೇಡಿ’ ಎಂದು ಬರೆಸಿದ್ದೇನೆ.

– ಕಾಫಿ ಬೆಳೆಗಾರ, ಮೂಡಿಗೆರೆ