ನಡೀತೀನಿ ಸ್ವಾಮಿ, ಆಮೇಲೆ? ವಿಕಲಚೇತನರ ಕಲ್ಯಾಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನನಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಎಳವೆಯಲ್ಲೇ ಮಿದುಳಿಗಾದ ಗಾಯದಿಂದ ಸ್ನಾಯುಗಳು ಹಿಡಿತಕ್ಕೆ ಸಿಗದ ಸ್ಥಿತಿ. ಆದರೂ ನಡೆಯುತ್ತೇನೆ. ನನ್ನ ತೊಂದರೆಯೇ ಅದು. ದೂರ ಹೋಗುವಾಗ ಬಳಸಲು ಒಂದು ಗಾಲಿಕುರ್ಚಿ ಕೊಡಿ ಅಂತ ಅರ್ಜಿ ಹಾಕಿದಾಗಲೆಲ್ಲ ಒಂದೇ ಉತ್ತರ: "ಅರ್ಜಿದಾರರು ಸ್ವತಂತ್ರವಾಗಿ ನಡೆಯುತ್ತಾರೆ." ಇಷ್ಟು ವರ್ಷ ಸುಮ್ನಿದ್ದೆ. ಕಳೆದ ತಪಾಸಣೆ ಆದ ಮೇಲೆ ಸುಮ್ನಿರಲು ಆಗಲಿಲ್ಲ.

ತಪಾಸಣೆ ಇದ್ದದ್ದು ಎರಡನೇ ಮಹಡಿಯಲ್ಲಿ. ಲಿಫ್ಟ್ ಕೆಟ್ಟಿತ್ತು. ನಡೆಯಲು ಕಷ್ಟ ಇರುವವರನ್ನು ಅಲ್ಲಿಗೇ ಕರೆಸುವ ಯೋಚನೆ ಯಾರದ್ದೋ, ಅವರಿಗೊಂದು ಸನ್ಮಾನ ಮಾಡಿಸಿ. ಕಂಬಿ ಹಿಡಿದು, ನಡುನಡುವೆ ಮೆಟ್ಟಿಲ ಮೇಲೇ ಕೂತು, ಹೇಗೋ ಹತ್ತಿದೆ. ಒಳಗೆ ಕುರ್ಚಿಯಲ್ಲಿ ಕೂತರೆ ಬಲಗಾಲಿನ ಮೀನಖಂಡ ಬಿಗಿದು, ಪಾದ ತನ್ನಷ್ಟಕ್ಕೆ ತಾನೇ ಟಕಟಕ ನೆಲ ಬಡಿಯತೊಡಗಿತು. ಬಿಗಿತ ಇರುವ ಕಾಲು ಹೀಗೆ ಅದುರುವುದುಂಟು. ಎರಡೂ ಕೈಯಿಂದ ಮೊಣಕಾಲನ್ನು ಅದುಮಿ ಹಿಡಿದೆ. ಅಧಿಕಾರಿ ನೋಡಿ, "ಏನ್ರೀ, ಅಷ್ಟು ಅವಸರನಾ?" ಅಂದರು.

ಬಾಗಿಲವರೆಗೆ ಹೋಗಿ ಬನ್ನಿ ಎಂದರು. ಹೋಗಿ ಬಂದೆ. ಅವರು ಫೋನಿನಲ್ಲಿದ್ದರು, ನೋಡಲಿಲ್ಲ. ಮತ್ತೆ ಹೋಗಿ ಬಂದೆ. ವರದಿಯಲ್ಲಿ ಹೊಸದಾಗಿ ಒಂದು ಸಾಲು ಸೇರಿತು: "ಮೆಟ್ಟಿಲು ಹತ್ತಬಲ್ಲರು." ನಿಮ್ಮ ಕೆಟ್ಟ ಲಿಫ್ಟೇ ನನ್ನ ವಿರುದ್ಧ ಸಾಕ್ಷಿ ಹೇಳಿತು!

ಮರುದಿನ ನಾನು ಸ್ನಾನಕ್ಕೂ ಏಳಲಿಲ್ಲ. ಕೆಲಸಕ್ಕೆ ರಜೆ ಹಾಕಿದೆ. ಇದು ಯಾವ ವರದಿಯಲ್ಲೂ ಇಲ್ಲ. ಯಾಕಂದ್ರೆ ಯಾರೂ ಕೇಳಲಿಲ್ಲ.

ಕೇಳಿ ಸ್ವಾಮಿ. ನಡೆಯಲು ಬರುತ್ತದಾ ಅಂತ ಮಾತ್ರ ಅಲ್ಲ, ನಡೆದ ಮೇಲೆ ಮೈಯಲ್ಲಿ ಏನು ಉಳಿಯಿತು ಅಂತಲೂ ಕೇಳಿ.

ನಮ್ಮ ಕಾಲಲ್ಲಿ ಮುಂದಕ್ಕೆ ಎಳೆಯುವ ಸ್ನಾಯು, ಹಿಂದಕ್ಕೆ ಎಳೆಯುವ ಸ್ನಾಯು ಎರಡೂ ಒಟ್ಟಿಗೆ ಬಿಗಿಯುತ್ತವೆ. ಬ್ರೇಕ್ ಒತ್ತಿಕೊಂಡೇ ಗಾಡಿ ಓಡಿಸಿದ ಹಾಗೆ. ಅಷ್ಟೇ ದೂರಕ್ಕೆ ಬೇರೆಯವರಿಗಿಂತ ಎರಡು ಪಟ್ಟು, ಕೆಲವರಿಗೆ ಮೂರು ಪಟ್ಟು ಶಕ್ತಿ ಬೇಕು. ಇದು ಊಹೆಯಲ್ಲ. ಮುಖಕ್ಕೆ ಮಾಸ್ಕ್ ಹಾಕಿ, ನಡೆಯುವಾಗ ಎಷ್ಟು ಆಮ್ಲಜನಕ ಖರ್ಚಾಯಿತು ಅಂತ ಅಳೆಯುತ್ತಾರೆ. ಅಷ್ಟು ಸಲಕರಣೆ ಇಲ್ಲ ಅಂದ್ರೆ ಆರು ನಿಮಿಷ ನಡೆಸಿ ನೋಡುವ ಪರೀಕ್ಷೆಯಾದರೂ ಇದೆ. ಬಾಗಿಲವರೆಗೆ ಹೋಗಿ ಬಂದರೆ ಏನು ತಾನೇ ಗೊತ್ತಾದೀತು?

ಮಿದುಳಿನ ಗಾಯ ಬೆಳೆಯುವುದಿಲ್ಲ, ನಿಜ. ಆದರೆ ಕೀಲು ಸವೆಯುತ್ತದೆ, ಸ್ನಾಯು ಬಿಗಿಯುತ್ತದೆ, ಸುಸ್ತು ಜಾಸ್ತಿಯಾಗುತ್ತದೆ. ನಾರ್ವೆಯಲ್ಲಿ ನಮ್ಮಂಥ 406 ವಯಸ್ಕರನ್ನು ಕೇಳಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 44ರಷ್ಟು ಜನ ತಮ್ಮ ನಡಿಗೆ ಹದಗೆಟ್ಟಿದೆ ಎಂದಿದ್ದರು. ಹೆಚ್ಚಿನವರಿಗೆ 35 ತುಂಬುವ ಮೊದಲೇ. ನನ್ನ ಕಡತದಲ್ಲಿ ಮಾತ್ರ ಬಾಲ್ಯದಲ್ಲಿ ಬರೆದ "ಜಿಎಂಎಫ್‌ಸಿಎಸ್ ಹಂತ 2" ಹಾಗೇ ಕೂತಿದೆ. ಓಡಾಟದ ಸಾಮರ್ಥ್ಯವನ್ನು ಐದು ಹಂತಗಳಲ್ಲಿ ಗುರುತಿಸುವ ಅಳತೆ ಅದು; ಎರಡನೇ ಹಂತ ಅಂದ್ರೆ ನಡೆಯುತ್ತಾರೆ, ಆದರೆ ಮಿತಿಗಳಿವೆ ಅಂತ. 1997ರಲ್ಲಿ ಆ ಅಳತೆ ಬಂದದ್ದೇ ಮಕ್ಕಳಿಗಾಗಿ. 2007ರಲ್ಲಿ ಹಿಗ್ಗಿಸಿದ್ದೂ 18 ವರ್ಷದವರೆಗೆ. ನನ್ನ ತಲೆಗೂದಲು ಬೆಳ್ಳಗಾಗಿದೆ, ಅಧಿಕಾರಿಗಳು ಅದನ್ನಾದರೂ ನೋಡಬಹುದಿತ್ತು ಅಲ್ವಾ?

ನಿಯಮ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 20ನೇ ವಿಧಿ ನೀವು ಓದಿಯೇ ಇರುತ್ತೀರಿ. ನಮಗೆ ಬೇಕಾದ ರೀತಿಯಲ್ಲಿ, ಬೇಕಾದ ಹೊತ್ತಿನಲ್ಲಿ ಓಡಾಡಲು ನೆರವಾಗಬೇಕು ಅಂತ ಅದು ಹೇಳುತ್ತದೆ. ಪೂರ್ತಿ ಕುಸಿದ ಮೇಲೆ ಕೊಡಿ ಅಂತ ಎಲ್ಲೂ ಬರೆದಿಲ್ಲ.

ಹಾಗಾಗಿ ಮತ್ತೆ ಅದನ್ನೇ ಕೇಳುತ್ತೇನೆ. ತಪಾಸಣೆಯ ಫಾರಂನಲ್ಲಿ ದಣಿವಿಗೆ ಒಂದು ಕಾಲಂ ಸೇರಿಸಿ. ನಡೆದ ಮೇಲೆ ಏನು ಉಳಿಯಿತು ಅಂತ ಕೇಳಿ ಬರೆದುಕೊಳ್ಳಲು ಹೇಳಿ. ನಡೆಯುವವರಿಗೂ ಗಾಲಿಕುರ್ಚಿ ಸಿಗಲಿ. ನನ್ನ ಅರ್ಜಿಯನ್ನು ಮರುಪರಿಶೀಲಿಸಿ. ಮತ್ತೆ ತಪಾಸಣೆ ಬೇಕೇ ಬೇಕು ಅಂದ್ರೆ ನೆಲಮಹಡಿಯಲ್ಲಿ ಮಾಡಿಸಿ.

ಉತ್ತರವನ್ನು ದಯವಿಟ್ಟು ಅಂಚೆಯಲ್ಲೇ ಕಳಿಸಿ. ಕಚೇರಿಗೆ ಬಂದು ತೆಗೆದುಕೊಂಡು ಹೋಗಿ ಅನ್ನಬೇಡಿ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಸ್ವತಂತ್ರವಾಗಿ ನಡೆಯುವ ಒಬ್ಬ ನಾಗರಿಕ